ಎಡಗಡೆಯ ಕುರ್ಚಿ

ಯಾದಗಿರಿ, 1949

ಗ್ರೇಸ್ ಟೀಚರಿಗೆ ಗೊಲ್ಲಾಳಮ್ಮನ ಶರಣು.

ನೀವು ಊರು ಬಿಡುವ ಮುನ್ನ ಕಲಿಸಿದ ಸಿ, ಎಫ್, ಜಿ ಕಾರ್ಡುಗಳನ್ನು, ಮೂರು ಮೂರು ಸ್ವರ ಒಟ್ಟಿಗೆ ಒತ್ತುವ ಆ ಗುಚ್ಛಗಳನ್ನು, ಈಗ ಕೈ ಹೆಚ್ಚು ಸರಿಸದೆ ನುಡಿಸುತ್ತೇನೆ. ಆದರೆ ಇಬ್ಬರೂ ಕೂಡಿ ನುಡಿಸುವಾಗ ನಮ್ಮ ಪಿಯಾನೋದ ಎಡತುದಿಯ ಕೆಳಗಿನ ಸ್ವರಗಳು ಯಾವಾಗಲೂ ಅಣ್ಣ ಮೌನಪ್ಪನ ಪಾಲು. ನಿಜಾಮನ ಮೇಲೆ ದಂಡು ಬಂದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಬಂಡಿ ಹೊಡೆದುಕೊಂಡು ಶಹಾಪುರಕ್ಕೆ ಹೋದವನು ವರ್ಷವಾದರೂ ಬಂದಿಲ್ಲ. ಎತ್ತುಗಳಷ್ಟೇ ಬಂಡಿ ಎಳೆದುಕೊಂಡು ಮನೆಗೆ ಬಂದವು.

ಬಲಗಡೆಯ ನನ್ನ ಕುರ್ಚಿಯಿಂದ ಎಡಗೈಗೆ ಆ ಸ್ವರಗಳು ಎಟಕುವುದಿಲ್ಲ. ಅವನ ಕುರ್ಚಿ ತೆಗೆದು ನಡುವೆ ಕೂಡಲು ಹೋದರೆ ಅವ್ವ, "ಅಂವ ಬಂದ್ರ ಎಲ್ಲಿ ಕೂಡಬೇಕು?" ಎನ್ನುತ್ತಾಳೆ. ಅಪ್ಪ ಎದ್ದು ಹೊರಗೆ ಹೋಗುತ್ತಾನೆ.

ಕೆಳಗಿನ ಸ್ವರವಿಲ್ಲದೆಯೂ ಕಾರ್ಡು ಪೊಳ್ಳಾಗಿ ಕೇಳಿಸದಂತೆ ಬೆರಳಿಡುವ ರೀತಿಯಿದ್ದರೆ ಬರೆದು ತಿಳಿಸಿರಿ. ಉತ್ತರವನ್ನು ಶಾಲೆಯ ವಿಳಾಸಕ್ಕೇ ಹಾಕಿರಿ. ಒಬ್ಬಳೇ ನುಡಿಸುವುದು ಹೇಗೆಂದು ನಾನು ಕೇಳಿದ್ದು ಅವ್ವನಿಗೆ ತಿಳಿಯುವುದು ಬೇಡ.

ನಿಮ್ಮ ವಿದ್ಯಾರ್ಥಿನಿ,
ಗೊಲ್ಲಾಳಮ್ಮ