ಕ್ಲಾಸಿಗೆ ಬಂದ ದೈವ

ಸಿದ್ಧಕಟ್ಟೆ
೧೨-೧೧-೨೦೨೪

ಅಕ್ಷಿತಾಳ ಪ್ರೀತಿಯ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗುಂಟು? ಮಸ್ಕತ್ತಿನ ಹೋಟೆಲಿನಲ್ಲಿ ದಿನವಿಡೀ ನಿಂತು ದೋಸೆ ಎರೆದರೆ ನೋಯದೆ ಇರುತ್ತದಾ? ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ಮಾತಾಡುವಾಗ ಅತ್ತೆ ಪಕ್ಕದಲ್ಲೇ ಇರುತ್ತಾರೆ, ನನಗೆ "ಹ್ಞಾಂ" ಬಿಟ್ಟು ಬೇರೆ ಬರುವುದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡಿ, ನಾನು ಐದನೆಯಲ್ಲಿ ಶಾಲೆ ಬಿಟ್ಟವಳು.

ಅಕ್ಷಿತಾ ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ, ಓದು ತಲೆಗೆ ಹತ್ತುವುದಿಲ್ಲ ಎಂದು ನಿಮಗೆ ಚಿಂತೆಯಿತ್ತಲ್ಲ. ಹೊಸದಾಗಿ ಬಂದ ಶ್ರೀಪ್ರಿಯಾ ಟೀಚರ್ ಒಂದು ಪಾಠ ಮುಗಿದ ಕೂಡಲೇ ಮಕ್ಕಳನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ, ದುಂಬಿಯ ಹಾಗೆ ಸ್ವರ ಮಾಡಿ ಉಸಿರು ಬಿಡಿಸುತ್ತಾರೆ. ಆಮೇಲೆ ಕೈಕಾಲು ಕೊಡವಿಸುತ್ತಾರೆ. ಚಡಪಡಿಕೆಯೆಲ್ಲ ಅಲ್ಲೇ ಉದುರುತ್ತದೋ ಏನೋ, ನಮ್ಮವಳು ಮತ್ತೆ ತೆಪ್ಪಗೆ ಕೂತು ಓದುತ್ತಾಳೆ. ನಿನ್ನೆ ಬಸ್ಸಿನ ಬೋರ್ಡುಗಳನ್ನೆಲ್ಲ ಓದಿದಳು, "ಮಡಂತ್ಯಾರು" ಎಂಬ ಊರಹೆಸರಿನಲ್ಲೂ ಎಡವಲಿಲ್ಲ.

ಇದೊಂದೂ ಅತ್ತೆಗೆ ಗೊತ್ತಿರಲಿಲ್ಲ. ಹೋದ ವಾರ ಅಕ್ಷಿತಾ ಮರೆತ ನೀರಿನ ಬಾಟ್ಲಿ ಕೊಡಲು ನಾವಿಬ್ಬರೂ ಶಾಲೆಗೆ ಹೋದೆವು. ಕಿಟಕಿಯಲ್ಲಿ ನೋಡಿದರೆ ಮಕ್ಕಳೆಲ್ಲ ಕಣ್ಣು ಮುಚ್ಚಿ ಹೂಂಕರಿಸುತ್ತಿದ್ದಾರೆ, ಅಕ್ಷಿತಾ ಎಲ್ಲರಿಗಿಂತ ಮುಂದೆ ನಿಂತು ತಲೆಯಿಂದ ಕಾಲಿನವರೆಗೆ ನಡುಗುತ್ತಿದ್ದಾಳೆ. ನಮ್ಮ ಮನೆಯ ದೈವ ಗುಳಿಗನಿಗೆ ಹೋದ ವರ್ಷದ ತಂಬಿಲ ಸೇವೆ ಕೊಡದೆ ಉಳಿದಿದೆಯಲ್ಲ? ಮೊಮ್ಮಗಳ ಮೈಮೇಲೆ ದೈವವೇ ಬಂತೆಂದು ಅತ್ತೆ ತಿಳಿದರು. ನಾನು ಸೆರಗು ಹಿಡಿದು ಎಳೆಯುವ ಮೊದಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದರು. ತಂಬಿಲ ಈ ತಿಂಗಳೇ ಕೊಡುತ್ತೇವೆ ಎಂದರು. ದೈವ ಇನ್ನೂ ಜೋರಾಗಿ ನಡುಗಿತು. ಆಗ ಅತ್ತೆ ಉಳಿದದ್ದನ್ನೂ ಒಪ್ಪಿಸಿದರು: "ಈ ಮಗುವನ್ನು ಜೂನಿಗೆ ಮೂಡುಬಿದಿರೆಯ ಹಾಸ್ಟೆಲಿಗೆ ಸೇರಿಸುವ ಅಂತ ಹೇಳಿದ್ದು ಮಗ, ಸ್ವಾಮೀ. ಸೊಸೆಗೆ ಹೇಳಬೇಡ ಅಂದದ್ದೂ ಅವನೇ. ನಾನು ಬರೀ ಹ್ಞಾಂ ಅಂದದ್ದು."

ಅಕ್ಷಿತಾ ಒಂದು ಕಣ್ಣು ತೆರೆದು, "ಅಜ್ಜಿ, ಟೀಚರ್ ಚಪ್ಪಾಳೆ ತಟ್ಟುವವರೆಗೆ ಮಾತಾಡಬಾರದು" ಎಂದಳು. ಟೀಚರ್ ನಗಲಿಲ್ಲ, ಪಾಪ. ಅತ್ತೆಯನ್ನೂ ಸಾಲಿನಲ್ಲಿ ನಿಲ್ಲಿಸಿ ಉಸಿರು ಬಿಡಿಸಿದರು. ಈಗ ಬೀಡಿ ಕಟ್ಟುವ ನಡುವೆಯೂ ಅತ್ತೆಯದು ದುಂಬಿಯ ಸ್ವರ. ಮೊಣಕಾಲು ನೋವು ಕಡಿಮೆ ಉಂಟಂತೆ.

ನನಗೆ ನಿಮ್ಮ ಮೇಲೆ ಕೋಪ ಬಂದದ್ದು ಹೌದು. ಕಿಟಕಿಯ ಹೊರಗೆ ನಿಂತು ನಾನೂ ಉಸಿರು ಎಳೆದು ಬಿಟ್ಟೆ. ನೀವೂ ದೋಸೆಯ ನಡುವೆ ಒಮ್ಮೆ ಮಾಡಿ ನೋಡಿ, ಸೊಂಟಕ್ಕೆ ಒಳ್ಳೆಯದು. ಅತ್ತೆಯ ಆಶೀರ್ವಾದ, ಮಗಳ ಮುತ್ತು ಇದರಲ್ಲೇ ಉಂಟು.

ನಿಮ್ಮ
ವಿಜೇತಾ

ಲಕೋಟೆ ಅಂಟಿಸುವ ಮೊದಲು ಇನ್ನೊಂದು: ಹಾಸ್ಟೆಲಿನವರಿಗೆ ಫೋನ್ ಮಾಡಿದೆ. ನಾನೇ. ನಂಬರ್ ಒತ್ತಿ ಕೊಟ್ಟದ್ದು ಅತ್ತೆ. ಮಗು ಬರುವುದಿಲ್ಲ, ಇಲ್ಲೇ ಕಲಿಯುತ್ತಾಳೆ ಎಂದೆ. ನೀವು ಕೇಳಿದರೆ ದೈವ ಬೇಡವೆಂದಿತು ಎನ್ನಬೇಕೆಂದು ಅತ್ತೆ ಹೇಳಿಕೊಟ್ಟಿದ್ದಾರೆ. ಬೇಡವೆಂದದ್ದು ನಾನು.