ಎರಡು ಸಲ ಬಿದ್ದ ಸಕ್ಕರೆ

ದೇರಾ, ದುಬೈ
3 ನವೆಂಬರ್ 2016

ಪ್ರೀತಿಯ ಯಶ್ಮಿತಾ,

ಹೇಗಿದ್ದೀ ಮಗಾ? ಹಾಸ್ಟೆಲಿನ ನೀರಿಗೆ ನಿನ್ನ ಶೀತ ಹೆಚ್ಚಾಗಿದೆ ಎಂದು ಅಮ್ಮ ಹೇಳಿದಳು. ಬಿಸಿನೀರನ್ನೇ ಕುಡಿ. ನಾವಿಬ್ಬರೂ ಕ್ಷೇಮ. ನೀನು ಇಂಜಿನಿಯರಿಂಗ್ ಬಿಟ್ಟು ಮಂಗಳೂರಿನಲ್ಲಿ ಅಡುಗೆಯ ಕೋರ್ಸಿಗೆ ಸೇರಿದಂದಿನಿಂದ ನಾನೂ ನೀನೂ ಮಾತಾಡಿಲ್ಲ, ಐದು ತಿಂಗಳಾಯಿತು. ಫೋನ್ ಹಿಡಿದರೆ ನನಗೆ ಮೊದಲು ಸಿಟ್ಟೇ ಬರುತ್ತದೆ, ಅದಕ್ಕೇ ಈ ಕಾಗದ. ಕೆಳಗಿನ ಫ್ಲ್ಯಾಟಿನ ಪಾಯ್ಸ್ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ದೀಪಾವಳಿಗೆ ನೀನು ಮಾಡುತ್ತಿದ್ದ ಶುಂಠಿ ಬಿಯರನ್ನು ಈ ಸಲ ಅಮ್ಮ ಮಾಡಿದಳು. (ಹೆಸರಿಗೆ ಬಿಯರ್, ಕುಡಿದರೆ ಶುಂಠಿ ಸೋಡ ಎಂದು ನೆರೆಯವರಿಗೆ ವರ್ಷವರ್ಷವೂ ನಾನೇ ವಿವರಿಸಬೇಕು.) ನಾನು ಅದನ್ನು ಮುಟ್ಟುವುದೇ ಇಲ್ಲ ಎಂದು ಘೋಷಿಸಿದ್ದೆ. ಆದರೆ ಬಾಟ್ಲಿಗೆ ತುಂಬಿದ ಮರುದಿನ, ಗ್ಯಾಸ್ ಬರಲು ಸಕ್ಕರೆ ಹಾಕುವುದನ್ನು ಇವಳು ಮರೆತಿರಬಹುದು, ಸಪ್ಪೆಯಾದರೆ ನಿನ್ನ ಹೆಸರು ಹಾಳು ಎಂದುಕೊಂಡು, ಅವಳು ಸ್ನಾನಕ್ಕೆ ಹೋದಾಗ ಹನ್ನೆರಡು ಬಾಟ್ಲಿಗೂ ಒಂದೊಂದು ಚಮಚ ಹಾಕಿಬಿಟ್ಟೆ. ಕೇಳಿದ್ದರೆ ಮುಗಿಯುತ್ತಿತ್ತು. ಮುಟ್ಟುವುದಿಲ್ಲ ಎಂದವನು ಕೇಳುವುದು ಹೇಗೆ?

ಮೂರನೆಯ ದಿನ ಪ್ಲಾಸ್ಟಿಕ್ ಬಾಟ್ಲಿಗಳು ಊದಿಕೊಂಡು ನೆಟ್ಟಗೆ ನಿಲ್ಲದಾದವು. ಒಂದನ್ನು ತೆರೆದೆ. ಅರ್ಧ ಸೀಲಿಂಗಿಗೆ, ಉಳಿದರ್ಧ ನನ್ನ ಕೆಲಸದ ಅಂಗಿಗೆ. "ನಾನು ಹಾಕಿದ್ದೆ ಮಾರಾಯ್ರೆ! ನೀವೂ ಹಾಕಿದ್ರಾ?" ಎಂದು ಅಮ್ಮ ನೆಲದ ಮೇಲೆ ಕೂತು ನಕ್ಕಳು. ನೀನು ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಆಮೇಲೆ ನಿನ್ನ ಹಳೆಯ ನೋಟ್‌ಬುಕ್ಕನ್ನು ತಂದುಕೊಟ್ಟಳು. ಗ್ಯಾಸ್ ಹೆಚ್ಚಾದರೆ ಏನು ಮಾಡಬೇಕೆಂದು ನೀನು ಅದರಲ್ಲಿ ಬರೆದಿಟ್ಟಿದ್ದೀ: ಒಂದು ದಿನವಿಡೀ ಫ್ರಿಜ್ಜಿನಲ್ಲಿ ತಣಿಸಬೇಕು, ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಬೇಕು, ಸುಸ್ಸೆನ್ನುವ ಸದ್ದು ನಿಂತ ಮೇಲೆ ಬಿಗಿ ಮಾಡಬೇಕು, ಮರುದಿನ ಮತ್ತೆ ಅದೇ. ಮೂರು ದಿನ ಹಾಗೇ ಮಾಡಿದೆ. ಹನ್ನೊಂದೂ ಉಳಿದು ಹಬ್ಬಕ್ಕೆ ಒದಗಿದವು. ಯಾವ ವರ್ಷ ಎಷ್ಟು ಸೆಖೆಯಿತ್ತು, ಯಾವ ಬಾಟ್ಲಿ ಯಾಕೆ ಕೆಟ್ಟಿತು, ಎಲ್ಲ ಆ ಪುಸ್ತಕದಲ್ಲಿದೆ. ಇಪ್ಪತ್ತೆರಡು ವರ್ಷ ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಲ್ಲಿ ಜನರ ಕೆಲಸ ನೋಡಿದವನು ನಾನು. ಇಷ್ಟು ಶ್ರದ್ಧೆಯವರನ್ನು ಕಂಡಿಲ್ಲ. ನನ್ನ ಮನೆಯಲ್ಲೇ ಇದ್ದದ್ದು ನನಗೆ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು ಮಗಾ.

ಖರ್ಜೂರ ಕಳಿಸಿದ್ದೇವೆ, ರೂಮಿನವರಿಗೂ ಕೊಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಮೋಹನದಾಸ್

ತಾ.ಕ.: ಪಾಯ್ಸ್ ಕೆಳಗಿನಿಂದ ಕರೆಯುತ್ತಿದ್ದಾರೆ. ನಿನ್ನ ಕಾಲೇಜಿನಿಂದ ಸಹಿಗೆಂದು ಬಂದಿದ್ದ ಫಾರ್ಮನ್ನು ಇಷ್ಟು ದಿನ ಬೀರುವಿನಲ್ಲಿಟ್ಟುಕೊಂಡಿದ್ದೆ. ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ‘ಪಾಲಕರ ಒಪ್ಪಿಗೆ ಇದೆಯೇ’ ಎಂಬಲ್ಲಿ ‘ಹೌದು’ ಎಂದು ಬರೆಯಲು ಮಾತ್ರ ಜಾಗವಿತ್ತು; ‘ಸಂತೋಷದಿಂದ’ ಎಂದು ಅಂಚಿನಲ್ಲಿ ಬರೆದಿದ್ದೇನೆ. ಆಫೀಸಿನವರು ಗೊಣಗಿದರೂ ಅದನ್ನು ಅಳಿಸಲು ಬಿಡಬೇಡ.