ಖಾಲಿ ಡಬ್ಬಿ ಕೊಡಬಾರದು

ನವೆಂಬರ್ 11, ಮಂಗಳವಾರ. ಸಂಜೆ

ಟಿನ್ ಫ್ಯಾಕ್ಟರಿಯಲ್ಲಿ ಬಸ್ ಇಳಿದೆ. ಒಂದು ಬನ್, ಒಂದು ಮೊಸರು ಪ್ಯಾಕೆಟ್. ಇಂದಿರಾನಗರದ ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ದಿನವೆಲ್ಲ ಹಲ್ಲು ಕಿರಿದು, ಮನೆಗೆ ಬಂದರೆ ಬಾಯಿ ಬಿಡಲು ಯಾರೂ ಇಲ್ಲ. ಅಮ್ಮ ಹೋದ ಮೇಲೆ ಹಲಸೂರಿನ ಮನೆ ಬಿಟ್ಟು ಈ ರೂಮು. ನಲವತ್ತೊಂಬತ್ತಾಯಿತು. ಇನ್ನು ಹೀಗೇ.

ಪಕ್ಕದ ರೂಮಿನ ಲಕ್ಷ್ಮಿದೇವಿ ಬಾಗಿಲು ತಟ್ಟಿದಳು. ಯಾದಗಿರಿ ಕಡೆಯವರು. ಅವಳು, ಅವಳ ಅತ್ತೆ ಶೇಷಮ್ಮ; ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ.

"ಅಕ್ಕಾರ, ಬಿಸಿ ರೊಟ್ಟಿ ಅದಾವ್ರಿ, ಉಣ್ರಿ."

ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಶೇಷಮ್ಮನ ತವರಿನವರ ಹೆಸರು ಕೆತ್ತಿದೆ. ಪಾಪ ಅಂತ ಕೊಟ್ಟಿರಬೇಕು. ರೊಟ್ಟಿ ಮಾತ್ರ ಚೆನ್ನಾಗಿತ್ತು.

ನವೆಂಬರ್ 16, ಭಾನುವಾರ

ಡಬ್ಬಿ ತೊಳೆದಿಟ್ಟಿದ್ದೇನೆ. ಖಾಲಿ ವಾಪಸ್ ಕೊಡಬಾರದು, ಅಮ್ಮ ಎಂದೂ ಕೊಟ್ಟವಳಲ್ಲ. ಏನು ಹಾಕಲಿ? ನೆಟ್ಟಗೆ ಅಡುಗೆ ಮಾಡಿ ಯಾವ ಕಾಲವಾಯಿತೋ. ಒಂದು ಹಿಡಿ ಸಕ್ಕರೆ ಹಾಕಿದರೂ ನಡೆಯುತ್ತದೆ. ಹಾಕಿದೆ. ಇಷ್ಟೇನಾ ಅಂದುಕೊಂಡರೆ? ವಾಪಸ್ ಸುರಿದೆ. ಮುಂದಿನ ವಾರ ಪಾಯಸ ಮಾಡಿ ಕೊಟ್ಟರಾಯಿತು.

ನವೆಂಬರ್ 29, ಶನಿವಾರ

ಪಾಯಸ ಮಾಡಲಿಲ್ಲ. ನಲ್ಲಿಯ ಹತ್ತಿರ ಲಕ್ಷ್ಮಿದೇವಿ ಏನೋ ಕೇಳಲು ಬಂದಳು. ಡಬ್ಬಿಯೇ ಇರಬೇಕು. ಫೋನ್ ಕಿವಿಗಿಟ್ಟುಕೊಂಡು ಒಳಗೆ ಬಂದುಬಿಟ್ಟೆ. ಆ ಕಡೆ ಯಾರೂ ಇರಲಿಲ್ಲ.

ಆಮೇಲೆ ರೊಟ್ಟಿಯೂ ಬಂದಿಲ್ಲ. ನೋಡು... ಇವರಿಗೂ ಬೇಡವಾದೆ.

ಡಿಸೆಂಬರ್ 3, ಬುಧವಾರ. ಬೆಳಿಗ್ಗೆ

ಗೋಡೆ ತೆಳು. ಶೇಷಮ್ಮನ ದನಿ: "ನನ್ನ ತವರಿನ ಡಬ್ಬಿ ಎಲ್ಲಿ ಹಾಕಿದಿ? ನಿಮ್ಮವ್ವನ ಮನಿಗಿ ಕಳಿಸಿದಿ ಏನ? ಖರೇ ಹೇಳು!"

"ಇಲ್ರಿ ಅತ್ತಿ. ಇಲ್ಲೇ ಎಲ್ಲೋ ಅದ, ಹುಡುಕ್ತೀನಿ."

ನನ್ನ ಹೆಸರು ಹೇಳಲಿಲ್ಲ. ಅತ್ತೆಗೆ ತಿಳಿಸದೆ ಕೊಟ್ಟಿದ್ದಳೋ, ನನ್ನ ಮಾನ ಉಳಿಸಿದಳೋ. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಮೆಲ್ಲಗೆ ತಟ್ಟಿದಳು. ಉಸಿರು ಬಿಗಿಹಿಡಿದು ಕೂತೆ. ತಟ್ಟಿ ತಟ್ಟಿ ಹೋದಳು.

ಎಂಥ ಹೆಂಗಸು ನಾನು.

ಡಿಸೆಂಬರ್ 7, ಭಾನುವಾರ

ಮೋಟರ್ ಹಾಕಲು ಬಂದ ಓನರ್ ದೊಡ್ಡಮುನಿಯಪ್ಪ ಹೇಳಿದರು: "ಆ ಸೊಸೆ ತವರಿಗೆ ಹೊಂಟೋದ್ಲಂತೆ ಕಣಮ್ಮ. ಯಾವ್ದೋ ಡಬ್ಬಿಗೆ ಜಗಳ."

ಡಬ್ಬಿ ಎತ್ತಿಕೊಂಡು ಹೋದೆ, ಖಾಲಿಯೇ. ಏನಾದರೂ ಹಾಕಲು ನಿಂತರೆ ಮತ್ತೆ ಹೋಗುವವಳಲ್ಲ ನಾನು.

"ನನ್ನ ಹತ್ರಾನೇ ಇತ್ತು ಶೇಷಮ್ಮನವ್ರೇ. ರೊಟ್ಟಿ ಕೊಟ್ಟಿದ್ಲು. ವಾಪಸ್ ಕೊಡದೆ ಇದ್ದಿದ್ದು ನಾನು."

ಶೇಷಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. "ಸೊಸಿಗಿ ಕಳ್ಳಿ ಅಂದೆನವ್ವ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾ ಫೋನ್ ಮಾಡಿದ್ರ ಎತ್ತವಲ್ಲಳು. ನೀನರ ಹೇಳವ್ವ."

ಮಾಡಿದೆ. ಎತ್ತಲಿಲ್ಲ.

ಡಿಸೆಂಬರ್ 8, ಸೋಮವಾರ. ಸಂಜೆ

ಇನ್ನು ಅವಳು ಎತ್ತುವುದೇ ಇಲ್ಲ ಅಂತ ಬೆಳಿಗ್ಗೆಯಿಂದ ತಲೆ ಒದರುತ್ತಿತ್ತು. ಈ ತಲೆಯ ಮಾತು ಕೇಳಿಯೇ ಇಷ್ಟೆಲ್ಲ ಆದದ್ದು. ಊಟದ ಬಿಡುವಿನಲ್ಲಿ ಮತ್ತೆ ಮಾಡಿದೆ. ಎತ್ತಿದಳು.

"ತಪ್ಪು ನಂದಮ್ಮ. ಅತ್ತೆಗೆ ಎಲ್ಲಾ ಹೇಳಿದ್ದೀನಿ. ಕ್ಷಮಿಸು."

ಕಟ್ ಮಾಡುತ್ತಾಳೆ ಅಂದುಕೊಂಡೆ.

"ಅತ್ತಿ ಉಂಡಾರೇನ್ರಿ?"

"ಇಲ್ಲ ಅನ್ಸುತ್ತೆ. ನಿನ್ನೆಯಿಂದ ಒಲೆ ಹಚ್ಚಿಲ್ಲ."

"ನೀವ್ರಿ?"

ಕೌಂಟರಿನಲ್ಲೇ ಅಳು ಬಂತು. ಯಾವಾಗ ಬರುತ್ತೀಯಾ ಅಂತ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಈಗ ಅಕ್ಕಿ ಬೇಳೆ ಒಟ್ಟಿಗೆ ಇಟ್ಟಿದ್ದೇನೆ, ಇಬ್ಬರಿಗೆ. ಶೇಷಮ್ಮನನ್ನು ಕರೆಯಬೇಕು. ನಿನ್ನ ಮನೆಯ ಅನ್ನ ಬೇಡ ಅಂದರೆ... ಅನ್ನಲಿ. ಕರೆಯುತ್ತೇನೆ. ಕುಕ್ಕರ್ ಕೂಗಿತು, ಮೊದಲು ಹೋಗಿ ಅವರ ಬಾಗಿಲು—